ಗುಲ್ಮಾರ್ಗಿಗೆ ಹೋದ ಭದ್ರಾವತಿ ಕಾಲು

ಕಳೆದ ದೀಪಾವಳಿಗೆ ಸಿಯಾಟಲ್‌ನಿಂದ ಬಂದ ದೊಡ್ಡಮ್ಮನ ಮಗ, ಸೂಟ್‌ಕೇಸಿನಲ್ಲಿದ್ದ ಚಾಕೊಲೇಟ್ ಪೊಟ್ಟಣಗಳನ್ನೆಲ್ಲ ಹೊರಗೆ ಹಾಕಿ, ಅಡಿಯಿಂದ ಒಂದು ಜೊತೆ ಬೂಟು ತೆಗೆದು ನಮ್ಮ ಭದ್ರಾವತಿ ಮನೆಯ ಹಾಲ್ ಮಧ್ಯ ಇಟ್ಟ. ಮೀನಖಂಡದವರೆಗೂ ಬರುವ, ಒಳಗೆ ದಪ್ಪ ಸ್ಪಂಜಿನ ಪದರ ಇರುವ, ಚಂದ್ರನ ಮೇಲೆ ನಡೆಯೋಕೆ ಹೊರಟವರು ಹಾಕೋ ಥರದ ಬೂಟು.

"ಇದೇನೇ ಇದು? ಇದಕ್ಕಿಂತ ನಿಮ್ಮಪ್ಪನ ಫ್ಯಾಕ್ಟರಿ ಶೂನೇ ವಾಸಿ ಇತ್ತು," ಅಂದಳು ಅಮ್ಮ.

ಅಪ್ಪ ಏನೂ ಹೇಳಲಿಲ್ಲ. ಒಂದು ಬೂಟನ್ನು ತೊಡೆ ಮೇಲಿಟ್ಟುಕೊಂಡು, ಒಳಗೆ ಕೈ ಹಾಕಿ, ತುದಿಯವರೆಗೂ ಬೆರಳಾಡಿಸಿ ನೋಡಿದರು. ಈಗೀಗ ಚಪ್ಪಲಿಯಾಗಲಿ ಶೂ ಆಗಲಿ, ಅವರು ಮೊದಲು ಮಾಡೋದು ಇದನ್ನೇ. ಯಾಕೆ ಅಂತ ಮುಂದೆ ಹೇಳ್ತೀನಿ.

ನಾನು ಬೆಂಗಳೂರಿನ ಕಂಪನಿಗೆ ಶಿವಮೊಗ್ಗದಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್. ವಿನೋಬನಗರದಲ್ಲಿ ಒಂದು ಸಣ್ಣ ಬಾಡಿಗೆ ಮನೆ, ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಬಸ್ ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಭದ್ರಾವತಿ ನ್ಯೂಟೌನ್‌ನ ಅಮ್ಮನ ಅಡುಗೆ. ಇಂಥ ಊರಿನವಳಿಗೆ ಸ್ನೋಬೋರ್ಡ್ ಹುಚ್ಚು ಹೇಗೆ ಹಿಡೀತು ಅಂದ್ರೆ, 2024ರಲ್ಲಿ ಆಫೀಸಿನ ಐದು ಜನ ಸೇರಿ ಗುಲ್ಮಾರ್ಗಿಗೆ ಹೋಗಿದ್ವಿ. ಉಳಿದ ನಾಲ್ವರು ಫೋಟೋ ತೆಗೆಸಿಕೊಂಡು, ಕಹ್ವಾ ಕುಡಿದು, ಸುಮ್ಮನಾದರು. ನಾನು ಮೂರು ದಿನ ಬಾಡಿಗೆ ಬೋರ್ಡಿನ ಮೇಲೆ ಬಿದ್ದೆ, ಎದ್ದೆ, ನಾಲ್ಕನೇ ದಿನ ಹತ್ತು ಸೆಕೆಂಡು ಬೀಳದೆ ಜಾರಿದೆ. ಆ ಹತ್ತು ಸೆಕೆಂಡಿನ ಖರ್ಚು ಇವತ್ತಿನವರೆಗೂ ನಡೀತಾ ಇದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಸ್ಕೀಯಿಂಗ್ ಅಂದ್ರೆ ಎರಡು ಕಾಲಿಗೆ ಎರಡು ಪಟ್ಟಿ, ಕೈಯಲ್ಲಿ ಎರಡು ಕೋಲು, ಮುಖ ಮುಂದಕ್ಕೆ. ಸ್ನೋಬೋರ್ಡ್ ಅಂದ್ರೆ ಒಂದೇ ಹಲಗೆ, ಎರಡೂ ಕಾಲು ಅದಕ್ಕೇ ಕಟ್ಟಿರುತ್ತೆ, ಅಡ್ಡ ನಿಂತು ಪಕ್ಕಕ್ಕೆ ಜಾರೋದು. ನಮ್ಮ ರಾಜ್ಯಕ್ಕೂ ಹಿಮಕ್ಕೂ ಸಂಬಂಧ ಇಲ್ಲ ಅಂದ್ಕೋಬೇಡಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದೇ ಗುಲ್ಮಾರ್ಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದವರು. ಅವರದು ಬೇರೆ ಲೆವೆಲ್ಲು. ನನ್ನದು ಬೀಳೋ ಲೆವೆಲ್ಲು.

ಆದರೆ ಹಲಗೆ ಮೇಲೆ ನಿಲ್ಲೋದು ನಮಗೆ ತೀರಾ ಹೊಸದೂ ಅಲ್ಲ. ತೀರ್ಥಹಳ್ಳಿ ಕಡೆಯ ಅಜ್ಜಿ ಮನೆಯಲ್ಲಿ ರಜೆಗೆ ಹೋದಾಗ ಅಡಿಕೆ ಹಾಳೆ ಮೇಲೆ ಒಬ್ಬರನ್ನು ಕೂರಿಸಿ, ಸೋಗೆ ಹಿಡಿದು ಇನ್ನೊಬ್ಬರು ಎಳೆಯೋ ಆಟ ಆಡ್ತಿದ್ವಿ. ಈಗ ಬೂಟು ತಂದ ಅಣ್ಣ ಆಗ ಕೂರ್ತಾನೇ ಇರ್ಲಿಲ್ಲ, ಹಾಳೆ ಮೇಲೆ ನಿಂತು, ಸೋಗೆಯ ತುದಿಯನ್ನು ತಾನೇ ಲಗಾಮಿನ ಹಾಗೆ ಹಿಡಿದು, ತೋಟಕ್ಕೆ ಇಳಿಯೋ ಧರೆಯಲ್ಲಿ ಜಾರ್ತಿದ್ದ. ಮೊಣಕೈ ತರಚಿಕೊಂಡು ಬಂದು ಅಜ್ಜಿ ಹತ್ರ ಬೈಸಿಕೊಳ್ತಿದ್ದ. ಆಮೇಲೆ ಓದಿದಾಗ ಗೊತ್ತಾಯ್ತು, 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪೆನ್ ಅನ್ನೋ ಎಂಜಿನಿಯರ್ ತನ್ನ ಹೆಣ್ಣುಮಕ್ಕಳಿಗೆ ಎರಡು ಸ್ಕೀ ಜೋಡಿಸಿ ಆಟಿಕೆ ಮಾಡಿಕೊಟ್ಟನಂತೆ. ಅದೇ ‘ಸ್ನರ್ಫರ್’ ಆಗಿ ಅಂಗಡಿಗೆ ಬಂತು, ಅದರ ಮೂತಿಗೂ ಹಿಡ್ಕೊಳ್ಳೋಕೆ ಒಂದು ಹಗ್ಗ. ಇವತ್ತಿನ ಸ್ನೋಬೋರ್ಡಿನ ಅಜ್ಜ ಅದು. ನಮ್ಮ ಹಾಳೆಗೆ ಪೇಟೆಂಟ್ ಮಾಡಿಸೋರು ಯಾರೂ ಇರ್ಲಿಲ್ಲ ಅಷ್ಟೇ.

ಮೊದಲ ಸಲ ಬೋರ್ಡ್ ಕಲಿಯುವಾಗ ಕೇಳೋ ಮೊದಲ ಪ್ರಶ್ನೆ ಯಾವ ಕಾಲು ಮುಂದೆ ಅಂತ. ಎಡಗಾಲು ಮುಂದಾದರೆ ‘ರೆಗ್ಯುಲರ್’, ಬಲಗಾಲು ಮುಂದಾದರೆ ‘ಗೂಫಿ’. ಎರಡರಲ್ಲಿ ಯಾವುದೂ ತಪ್ಪಲ್ಲ. ಕಂಡುಹಿಡಿಯೋಕೆ ಹಿಂದಿನಿಂದ ಯಾರಾದ್ರೂ ಮೆಲ್ಲಗೆ ತಳ್ಳಿದಾಗ ಯಾವ ಕಾಲು ಮುಂದೆ ಬರುತ್ತೆ ನೋಡಿ ಅಂತಾರೆ. ನಾನು ಸಾಕ್ಸ್ ಹಾಕ್ಕೊಂಡು ನಮ್ಮನೆ ರೆಡ್ ಆಕ್ಸೈಡ್ ನೆಲದ ಮೇಲೆ ಓಡಿಬಂದು ಜಾರಿ ನೋಡಿದೆ. ಐದು ಸಲವೂ ಬಲಗಾಲು ಮುಂದೆ. ಗೂಫಿ. ಅಮ್ಮನಿಗೆ ಈ ಪದ ತುಂಬಾ ಹಿಡಿಸಿತು. ಈಗ ಏನು ತಪ್ಪು ಮಾಡಿದ್ರೂ ಅದನ್ನೇ ಅಂತಾಳೆ.

ಸರಿ, ಈಗ ಅಪ್ಪನ ವಿಷಯ. ಅಪ್ಪ ವಿಐಎಸ್‌ಎಲ್‌ನಲ್ಲಿ ಮೂವತ್ತು ವರ್ಷದ ಮೇಲೆ ಕೆಲಸ ಮಾಡಿ 2019ರಲ್ಲಿ ನಿವೃತ್ತರಾದರು. 1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮದು, ಮನೆಗೊಬ್ಬರಾದ್ರೂ ಆ ಗೇಟಿನೊಳಗೆ ಹೋಗಿಬಂದವರು ಇರ್ತಿದ್ರು. ಸೇಫ್ಟಿ ಶೂ ಹಾಕದೆ ಒಳಗೆ ಬಿಡಲ್ಲ, ಹಾಗಾಗಿ ಅಪ್ಪ ಕಾಲಿನ ಬಗ್ಗೆ ಜಾಗರೂಕರು ಅಂತಲೇ ನಾವೆಲ್ಲ ಅಂದ್ಕೊಂಡಿದ್ವಿ. ಶುಗರ್ ಬಂದು ಹದಿನೈದು ವರ್ಷ. ನಿವೃತ್ತಿ ಆದ್ಮೇಲೆ ಬೆಳಿಗ್ಗೆ ವಾಕಿಂಗ್‌ಗೆ ಅಂತ ತಾವೇ ಹೋಗಿ ಒಂದು ಜೊತೆ ಶೂ ತಂದರು. ಸೈಜು ಎಂಟು. ಕೆಲಸಕ್ಕೆ ಸೇರಿದಾಗಿಂದಲೂ ಎಂಟು, ಇನ್ನೇನು ಅಳೆಯೋದು ಅಂತ.

2024ರ ಮಳೆಗಾಲದಲ್ಲಿ ಆ ಶೂನ ಬಲಗಡೆ ಕಿರುಬೆರಳ ಪಕ್ಕ ಉಜ್ಜಿ ಉಜ್ಜಿ ಗಾಯ ಆಗಿದೆ. ಒದ್ದೆ ಸಾಕ್ಸು ಬೇರೆ. ಅಪ್ಪನಿಗೆ ಗೊತ್ತೇ ಆಗಿಲ್ಲ. ಅಮ್ಮ ಸಾಕ್ಸ್ ಒಗೆಯುವಾಗ ಕಲೆ ನೋಡಿ ಕೇಳಿದಾಗ ಅದಾಗಲೇ ಕಪ್ಪಾಗಿತ್ತು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಆ ಬೆರಳು ತೆಗೆದರು.

ಆವತ್ತು ವಾರ್ಡಿನಲ್ಲಿ ನಾನು ಅಪ್ಪನಿಗೆ ಬೈದೆ. ಚೆನ್ನಾಗಿ ಬೈದೆ. "ನೋವಾದ್ರೆ ಬಾಯ್ಬಿಟ್ಟು ಹೇಳ್ಬೇಕಲ್ವಾ ಅಪ್ಪಾ? ಚಿಕ್ಕ ಮಕ್ಕಳಾ ನೀವು?" ಅಂದೆ. ಅಪ್ಪ ಮೇಲೆ ಫ್ಯಾನ್ ನೋಡ್ತಾ, "ನೋವಾಗಿದ್ರೆ ತಾನೇ ಹೇಳೋದು," ಅಂದ್ರು. ನೆಪ ಅಂದ್ಕೊಂಡೆ. ಗಂಡಸರು, ಅದರಲ್ಲೂ ಫ್ಯಾಕ್ಟರಿ ಗಂಡಸರು, ನೋವು ಮುಚ್ಚಿಡೋದೇ ದೊಡ್ಡಸ್ತಿಕೆ ಅಂದ್ಕೊಂಡಿರ್ತಾರಲ್ಲ, ಆ ಲೆಕ್ಕಕ್ಕೆ ಸೇರಿಸಿದೆ. ಡಿಸ್ಚಾರ್ಜ್ ದಿನ ಡಾಕ್ಟರು ನೈಲಾನ್ ದಾರದಂಥ ಒಂದು ಎಳೆಯನ್ನು ಅಪ್ಪನ ಅಂಗಾಲಿಗೆ ಅದು ಬಾಗುವಷ್ಟು ಒತ್ತಿ, "ಗೊತ್ತಾಗ್ತಿದ್ಯಾ?" ಅಂತ ಕೇಳ್ತಾ ಹೋದರು. ಹತ್ತು ಗ್ರಾಂ ಭಾರಕ್ಕೆ ಬಾಗುವ ಎಳೆ ಅದು, ಶುಗರ್ ಇರುವವರ ಪಾದದ ಸ್ಪರ್ಶ ಪರೀಕ್ಷೆಗೆ ಬಳಸೋದು. ಅಪ್ಪ ಕಣ್ಣುಮುಚ್ಚಿ ಕೂತಿದ್ದರು. ಹಲವು ಕಡೆ ಒತ್ತಿದರೂ ಉತ್ತರವೇ ಬರಲಿಲ್ಲ. ಅದನ್ನು ನೋಡಿಯೂ ನನಗೆ ಪೂರ್ತಿ ಅರ್ಥ ಆಗ್ಲಿಲ್ಲ ಅನ್ನೋದು ನಿಜ. ಫೈಲ್ ತಗೊಂಡೆ, ಮಾತ್ರೆ ಲೆಕ್ಕ ಹಾಕಿದೆ, ಸೂಚನೆ ಬರೆದ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ದಿನಾ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಶೂ ಹಾಕುವ ಮೊದಲು ಒಳಗೆ ಕೈ ಹಾಕಿ ನೋಡಿ. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ. ಬಿಸಿನೀರನ್ನು ಕಾಲಿಂದ ಮುಟ್ಟಿ ನೋಡಬೇಡಿ, ಮೊಣಕೈಯಿಂದ ನೋಡಿ. ಬಿಸಿ ನೀರಿನ ಚೀಲ, ಹೀಟರ್ ಕಾಲಿಗೆ ಬೇಡ.

ಮುಂದಿನ ಚಳಿಗಾಲ ನಾನು ಮತ್ತೆ ಗುಲ್ಮಾರ್ಗಿಗೆ ಹೊರಟೆ, ಒಬ್ಬಳೇ. ಅಮ್ಮ ವಾರವಿಡೀ ಗೊಣಗಿದಳು. "ಹುಡುಗನ ಕಡೆಯವರು ನೋಡೋಕೆ ಬರೋ ಹೊತ್ತಿಗೆ ಕಾಲು ಮುರ್ಕೊಂಡು ಬಾ," ಅಂತ. ಅಪ್ಪನಿಗೆ ಮಾತ್ರ ಅಲ್ಲಿನ ಗೊಂಡೊಲಾ ಬಗ್ಗೆ ಕುತೂಹಲ. ಅದು ಕಂಬದಿಂದ ಕಂಬಕ್ಕೆ ತಂತಿಯ ಮೇಲೆ ಹೋಗುವ ಡಬ್ಬಿ ಅಂತ ವಿವರಿಸಿದಾಗ, "ಓ, ರೋಪ್‌ವೇ. ಕೆಮ್ಮಣ್ಣುಗುಂಡಿಯಿಂದ ನಮ್ಮ ಅದಿರು ಹಂಗೇ ಇಳೀತಿತ್ತು ತಣಿಗೆಬೈಲಿಗೆ," ಅಂದು ಪೇಪರ್ ಮಡಿಚಿಟ್ಟರು. ಅವರ ಮಟ್ಟಿಗೆ ಗುಲ್ಮಾರ್ಗ್ ಅಲ್ಲಿಗೆ ಅರ್ಥವಾಗಿತ್ತು.

2025ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹಿಮವೇ ಸಾಲದೆ ಖೇಲೋ ಇಂಡಿಯಾ ಕೂಟವನ್ನೂ ಮುಂದೂಡಿದ್ದರು. ನನ್ನ ಟಿಕೆಟ್ ಮಾರ್ಚ್ ಮೊದಲ ವಾರಕ್ಕೆ ಇದ್ದದ್ದು ಅದೃಷ್ಟ, ತಿಂಗಳ ಕೊನೆಯಲ್ಲಿ ಸುರಿಯಿತು. ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಹದಿಮೂರು ಕಿಲೋಮೀಟರ್, ಗಾಲಿಗೆ ಚೈನ್ ಕಟ್ಟಿದ ಗಾಡಿ, ಎರಡೂ ಬದಿ ದೇವದಾರು ಮರಗಳ ಮೇಲೆ ಬಿಳಿ ಹೊರೆ. ಊರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೊಲಾದ ಮೊದಲ ಹಂತ ಕೊಂಗ್‌ಡೂರಿಗೆ, ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ.

ಬೋರ್ಡು, ಬೂಟು ಎರಡೂ ಬಾಡಿಗೆ. ಬೋರ್ಡ್ ಚೆನ್ನಾಗೇ ಇತ್ತು. ಬೂಟು ನನ್ನ ಅಳತೆಯದು ಇರ್ಲಿಲ್ಲ. ಅಂಗಡಿಯವನು ಎರಡು ಸೈಜು ದೊಡ್ಡದು ಕೊಟ್ಟು, "ಮೇಡಂ, ಇನ್ನೊಂದು ಸಾಕ್ಸ್ ಹಾಕ್ಕೊಳ್ಳಿ, ಫಿಟ್ ಆಗುತ್ತೆ," ಅಂದ. ಅಮ್ಮ ಕೂಡ ಅದನ್ನೇ ಹೇಳಿ ಕಳಿಸಿದ್ದಳು, ಎರಡೆರಡು ಸಾಕ್ಸ್ ಹಾಕ್ಕೋ ಅಂತ. ಇಬ್ಬರ ಮಾತೂ ಕೇಳಿದೆ.

ಮೊದಲೆರಡು ದಿನ ಕೆಳಗಿನ ತುಳಿದು ಗಟ್ಟಿಯಾದ ಇಳಿಜಾರಿನಲ್ಲಿ ಏನೂ ತೊಂದರೆ ಆಗ್ಲಿಲ್ಲ. ಮೂರನೇ ದಿನ ರಾತ್ರಿ ಹೊಸ ಹಿಮ ಬಿತ್ತು. ಬೆಳಿಗ್ಗೆ ಗೈಡ್ ಭಾಯಿ, "ಇವತ್ತು ಪೌಡರ್," ಅಂದರು. ಸ್ಥಳೀಯರು, ನಲವತ್ತರ ಆಸುಪಾಸು, ಮಾತು ಕಡಿಮೆ. ಗುರುತಿನ ದಾರಿ ಬಿಟ್ಟು ಹೊರಗೆ ಹೋಗೋದಾದ್ರೆ ಹಿಮಕುಸಿತದ ಸೂಚನೆ ನೋಡದೆ, ಸಿಗ್ನಲ್ ಕೊಡುವ ಬೀಕನ್ ಸಾಧನ ಎದೆಗೆ ಕಟ್ಟದೆ ಒಂದು ಹೆಜ್ಜೆ ಇಡೋಕೆ ಬಿಡಲ್ಲ. 2023ರ ಫೆಬ್ರವರಿಯಲ್ಲಿ ಅಫರ್ವತ್‌ನ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡಿದ್ದರು. ಆ ದಿನ ಮೇಲಿನ ಹಂತ ಮುಚ್ಚಿತ್ತು, ನಾವು ಕೊಂಗ್‌ಡೂರಿಯಿಂದ ಮರಗಳ ನಡುವಿನ ಸಣ್ಣ ಇಳಿಜಾರಿಗೆ ಹೋದ್ವಿ.

ಪೌಡರ್ ಅಂದ್ರೆ ಹೊಸದಾಗಿ ಬಿದ್ದ, ಯಾರೂ ತುಳಿಯದ, ಒಣ ಪುಡಿ ಹಿಮ. ವಿಡಿಯೋಗಳಲ್ಲಿ ನೋಡಿದರೆ ಮೋಡದ ಮೇಲೆ ತೇಲಿದ ಹಾಗಿರುತ್ತೆ. ನನಗೆ ಮೊದಲ ಇಪ್ಪತ್ತು ನಿಮಿಷ ನಾಟಿ ಗದ್ದೆಗೆ ಇಳಿದ ಹಾಗಿತ್ತು. ಬೋರ್ಡಿನ ಮೂತಿ ಒಳಗೆ ಹೂತುಹೋಗುತ್ತೆ, ನಾನು ಅದರ ಮೇಲಿಂದ ಪಲ್ಟಿ. ಎದ್ದೇಳೋಣ ಅಂತ ಕೈ ಊರಿದ್ರೆ ಕೈ ಭುಜದವರೆಗೆ ಒಳಗೆ. ಮೂತಿ ಮೇಲಿರಲಿ ಅಂತ ಹಿಂದಕ್ಕೆ ವಾಲಿ ನಿಂತರೆ ಐವತ್ತು ಮೀಟರಿಗೆ ಹಿಂದಿನ ಕಾಲಿನ ತೊಡೆ ಉರಿಯೋಕೆ ಶುರು.

ಐದನೇ ಸಲ ಬಿದ್ದಾಗ ಭಾಯಿ ಬಂದು ನನ್ನ ಬೈಂಡಿಂಗ್ ನೋಡಿದರು. ಬೈಂಡಿಂಗ್ ಅಂದ್ರೆ ಬೂಟನ್ನು ಬೋರ್ಡಿಗೆ ಕಟ್ಟುವ ಪಟ್ಟಿಗಳಿರೋ ತಟ್ಟೆ. ಅದರ ಮಧ್ಯ ಒಂದು ದುಂಡು ಬಿಲ್ಲೆ, ಅದರ ಅಂಚಿನಲ್ಲಿ ಮೂರು ಮೂರು ಡಿಗ್ರಿಗೆ ಗೆರೆ. ಕಾಲು ಬೋರ್ಡಿಗೆ ನೇರ ಅಡ್ಡ ಇದ್ದರೆ ಸೊನ್ನೆ. ಬೆರಳು ಮೂತಿ ಕಡೆ ತಿರುಗಿದರೆ ಪ್ಲಸ್, ಬಾಲದ ಕಡೆ ತಿರುಗಿದರೆ ಮೈನಸ್. ಬಾಡಿಗೆ ಅಂಗಡಿಯಲ್ಲಿ ಮುಂದಿನ ಕಾಲು ಪ್ಲಸ್ 15, ಹಿಂದಿನದು ಮೈನಸ್ 15, ಎರಡೂ ಬೋರ್ಡಿನ ನಟ್ಟನಡುವಿಗೆ ಹಾಕಿ ಕೊಟ್ಟಿದ್ದರು. ಬಾತುಕೋಳಿ ನಿಂತ ಹಾಗೆ, ಎರಡು ಪಾದ ಎರಡು ದಿಕ್ಕಿಗೆ. ಇಂಗ್ಲಿಷಿನಲ್ಲಿಯೂ ಅದಕ್ಕೆ ಡಕ್ ಅಂತಲೇ ಹೆಸರು. ಕಲಿಯುವವರಿಗೆ ಅದು ಒಳ್ಳೆಯದೇ, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಜಾರಬಹುದು. ಆದರೆ ಪುಡಿ ಹಿಮದಲ್ಲಿ ಯಾವಾಗಲೂ ಒಂದೇ ಕಡೆಗೆ ಹೋಗ್ತೀವಿ, ಭಾರವೂ ಸ್ವಲ್ಪ ಹಿಂದಿರಬೇಕು. ಹಿಂದಿನ ಮಂಡಿ ಹೊರಗೆ ತಿರುಗಿಕೊಂಡಿದ್ದರೆ ಸೊಂಟ ಮುಂದಕ್ಕೆ ತಿರುಗಿಸುವಾಗ ಆ ಮಂಡಿಯೇ ತಿರುಚಿಕೊಳ್ಳುತ್ತೆ.

ಭಾಯಿ ಜೇಬಿಂದ ಸ್ಕ್ರೂಡ್ರೈವರ್ ತೆಗೆದು, ಹಿಮದಲ್ಲೇ ಮಂಡಿಯೂರಿ, ಎರಡೂ ಬೈಂಡಿಂಗ್‌ಗಳನ್ನು ಒಂದೊಂದು ತೂತು, ಅಂದರೆ ಎರಡೆರಡು ಸೆಂಟಿಮೀಟರ್, ಹಿಂದಕ್ಕೆ ಸರಿಸಿದರು. ಕಾಲುಗಳ ನಡುವಿನ ಅಂತರ ಅಷ್ಟೇ ಉಳೀತು, ಆದರೆ ನನ್ನ ಮುಂದೆ ಬೋರ್ಡು ಉದ್ದವಾಯ್ತು, ಹಿಂದೆ ಗಿಡ್ಡವಾಯ್ತು. ಮುಂದಿನ ಕಾಲು ಪ್ಲಸ್ 18, ಹಿಂದಿನದು ಮೈನಸ್ 3. "ಈಗ ವಾಲ್ಬೇಡ. ಸುಮ್ನೆ ನಿಂತ್ಕೋ, ಬೋರ್ಡ್ ವಾಲುತ್ತೆ," ಅಂದರು ಹಿಂದಿಯಲ್ಲಿ.

ನಂಬಿ, ಎಂಜಿನಿಯರಿಂಗ್ ನಾಲ್ಕು ವರ್ಷದಲ್ಲಿ ಭಾರಕೇಂದ್ರ ಅನ್ನೋದು ಇಷ್ಟು ಚೆನ್ನಾಗಿ ಅರ್ಥವಾಗಿರ್ಲಿಲ್ಲ. ಎರಡೇ ಸೆಂಟಿಮೀಟರು. ಮೂತಿ ತಾನಾಗಿ ಮೇಲೆ ಬಂತು. ಮರಗಳ ಮಧ್ಯೆ ಸದ್ದೇ ಇಲ್ಲದೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಬೋರ್ಡ್ ಕಾಣ್ತಾನೇ ಇಲ್ಲ, ಮಂಡಿಯ ಹತ್ರ ಹಿಮದ ಪುಡಿ ಹಾರ್ತಿದೆ. ನಾನು ಜೋರಾಗಿ ಕಿರುಚ್ತಿದ್ದೆ ಅಂತ ಆಮೇಲೆ ಭಾಯಿ ಹೇಳಿದರು. (ಗಟ್ಟಿ ಹಿಮಕ್ಕೆ ವಾಪಸ್ ಬಂದ್ಮೇಲೆ ಇದೇ ಜೋಡಣೆ ತೊಂದರೆ ಕೊಡುತ್ತೆ, ತಿರುವು ಶುರು ಮಾಡೋದು ಭಾರ ಅನ್ನಿಸುತ್ತೆ. ಮತ್ತೆ ನಡುವಿಗೆ ತರಬೇಕು. ಹದಿನೆಂಟು–ಮೂರು ಅನ್ನೋದು ಮಂತ್ರವೂ ಅಲ್ಲ. ಕೆಲವರು ಹಿಂದಿನ ಕಾಲನ್ನೂ ಪ್ಲಸ್‌ಗೇ ಇಡ್ತಾರೆ. ನಿಮ್ಮ ಮಂಡಿ ಏನು ಹೇಳುತ್ತೋ ಅದು.)

ಕೋನ ಸರಿಯಾಯ್ತು, ಬೂಟು ಸರಿಯಾಗ್ಲಿಲ್ಲ. ಬೂಟು ದೊಡ್ಡದಾದ್ದರಿಂದ ಹಿಮ್ಮಡಿ ಪ್ರತಿ ತಿರುವಿಗೂ ಒಳಗೇ ಮೇಲೇಳ್ತಿತ್ತು. ಅದಕ್ಕೆ ನಾನು ಪಟ್ಟಿಯನ್ನು ಇನ್ನಷ್ಟು ಬಿಗಿದೆ. ಎರಡು ಸಾಕ್ಸು, ಮೇಲೆ ಬಿಗಿದ ಪಟ್ಟಿ, ಒಳಗೆ ಬೆವರಿ ಒದ್ದೆಯಾದ ಬಟ್ಟೆ. ಮಧ್ಯಾಹ್ನದ ಹೊತ್ತಿಗೆ ಬಲಗಾಲಿನ ಬೆರಳು ಚಳಿಗೆ ನೋಯ್ತಿತ್ತು. ಆಮೇಲೆ ನೋವು ನಿಂತಿತು. ನಾನು ಖುಷಿಯಾದೆ! ಬೆಚ್ಚಗಾಯ್ತು, ಇನ್ನೊಂದು ರೌಂಡ್ ಹೋಗೋಣ ಅಂದೆ. ಹೋದ್ವಿ ಕೂಡ. ಎರಡು ರೌಂಡ್.

ಸಂಜೆ ರೂಮಿನಲ್ಲಿ ಸಾಕ್ಸ್ ತೆಗೆದಾಗ ಬಲಗಾಲಿನ ಕಿರುಬೆರಳು, ಅದರ ಪಕ್ಕದ್ದು, ಎರಡೂ ಮೇಣದ ಹಾಗೆ ಬೆಳ್ಳಗಿದ್ದವು. ಉಗುರಿಂದ ಚಿವುಟಿದೆ. ಏನೂ ಇಲ್ಲ. ಬೇರೆಯವರ ಬೆರಳು ಚಿವುಟಿದ ಹಾಗೆ. ರೂಮ್ ಹುಡುಗ ಪಾಪ, ಒಳ್ಳೆ ಮನಸ್ಸಿಂದ, ಉರಿಯುತ್ತಿದ್ದ ಬುಖಾರಿ ಒಲೆಯ ಹತ್ತಿರ ಕುರ್ಚಿ ಎಳೆದು, "ಕಾಲು ಇಲ್ಲಿಡಿ ಮೇಡಂ," ಅಂದ. ಕಾಲು ಎತ್ತಿದೆ ಕೂಡ. ಆಗ ಫ್ರಿಜ್ ಬಾಗಿಲಿನ ಹಾಳೆ ನೆನಪಾಯ್ತು. ಹೀಟರ್ ಬೇಡ. ಸ್ಪರ್ಶ ಗೊತ್ತಾಗದ ಕಾಲಿಗೆ ಸುಡೋದೂ ಗೊತ್ತಾಗಲ್ಲ.

ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತರಿಸಿ, ಅಂಗಿ ತೋಳು ಮಡಿಚಿ ಮೊಣಕೈ ಅದ್ದಿ ನೋಡಿದೆ. ಆಮೇಲೆ ಕಾಲಿಟ್ಟೆ. ಉಜ್ಜಲಿಲ್ಲ, ಉಜ್ಜಬಾರದು. ಹತ್ತು ನಿಮಿಷ ಏನೂ ಆಗ್ಲಿಲ್ಲ. ಆ ಹತ್ತು ನಿಮಿಷ ನಾನು ಬೇಡದ್ದನ್ನೆಲ್ಲ ಯೋಚಿಸಿದೆ. ಆಮೇಲೆ ಸೂಜಿ ಚುಚ್ಚಿದ ಹಾಗೆ ಶುರುವಾಗಿ, ಉರಿ, ಬಾವು, ಕಣ್ಣಲ್ಲಿ ನೀರು. ಇಷ್ಟು ನೋವಿಗೆ ಇಷ್ಟು ಸಮಾಧಾನ ಆಗಿದ್ದು ಅದೇ ಮೊದಲು. ಚರ್ಮದ ಮೇಲ್ಮಟ್ಟದ ಹಿಮಕಡಿತ ಅಷ್ಟೇ, ಎರಡು ವಾರದಲ್ಲಿ ಸಿಪ್ಪೆ ಎದ್ದು ಸರಿಹೋಯ್ತು ಅಂತ ಈಗ ಆರಾಮಾಗಿ ಬರೀತಿದ್ದೀನಿ.

ನಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ. ಹೋಟೆಲ್ ವೈಫೈಯಲ್ಲಿ ಅಪ್ಪನಿಗೆ ವಾಟ್ಸ್ಆ್ಯಪ್ ಕಾಲ್ ಮಾಡಿದೆ.

"ಅಪ್ಪಾ, ಎರಡು ಬೆರಳು ಗೊತ್ತೇ ಆಗ್ತಿರ್ಲಿಲ್ಲ. ಈಗ ಪರ್ವಾಗಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಬರೀ ಟಿವಿ ಸದ್ದು. ಎದ್ದು ವರಾಂಡಕ್ಕೆ ಹೋದ್ರು ಅನ್ಸುತ್ತೆ.

"ಅಮ್ಮನಿಗೆ ಹೇಳ್ಬೇಡ. ನೀರು ಮೊಣಕೈಲಿ ನೋಡಿದ್ಯಾ?"

"ಹ್ಞೂಂ."

"ನೋವು ನಿಂತಾಗ ಚೆನ್ನಾಗಾಯ್ತು ಅನ್ಸುತ್ತೆ ಪುಟ್ಟಿ. ನಂಗೂ ಹಂಗೇ ಅನ್ಸಿತ್ತು. ಮೊದಮೊದಲು ಆ ಶೂ ಕಚ್ತಿತ್ತು. ಆಮೇಲೆ ಒಗ್ಗಿಹೋಯ್ತು ಅಂದ್ಕೊಂಡೆ."

ವಾರ್ಡಿನಲ್ಲಿ ಬೈದಿದ್ದಕ್ಕೆ ಏನಾದ್ರೂ ಹೇಳ್ಬೇಕು ಅಂತ ಬಾಯಿ ತೆರೆದೆ. ನೆಟ್‌ವರ್ಕ್ ಕಟ್ ಆಯ್ತು. ಮತ್ತೆ ಮಾಡಬಹುದಿತ್ತು, ಮಾಡ್ಲಿಲ್ಲ.

ಊರಿಗೆ ಬಂದ್ಮೇಲೆ ಮೊದಲ ಭಾನುವಾರ ಅಣ್ಣನಿಗೆ ಬೂಟಿನ ಅಳತೆ ಕಳಿಸೋ ಕೆಲಸ. ಸ್ನೋಬೋರ್ಡ್ ಬೂಟಿಗೆ ಐದು, ಆರು ಅನ್ನೋ ನಂಬರಿಗಿಂತ ಪಾದದ ಉದ್ದ ಎಷ್ಟು ಸೆಂಟಿಮೀಟರ್ ಅನ್ನೋದು ಮುಖ್ಯ. ಅಳೆಯೋದು ಸಂಜೆ ಹೊತ್ತು, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುತ್ತೆ. ಗೋಡೆಗೆ ಹಿಮ್ಮಡಿ ಒತ್ತಿ, ಪೂರ್ತಿ ಭಾರ ಹಾಕಿ ನಿಂತು, ಅತಿ ಉದ್ದದ ಬೆರಳ ತುದಿಗೆ ಗೆರೆ. ಅದು ಹೆಬ್ಬೆರಳೇ ಆಗಿರಬೇಕು ಅಂತಿಲ್ಲ. ಎರಡೂ ಕಾಲು ಅಳೀಬೇಕು. ನನ್ನದು ಎಡ 23.3, ಬಲ 23.6. ಗುಲ್ಮಾರ್ಗಿನಲ್ಲಿ ನಾನು ಹಾಕಿದ್ದು 25.5. ಸುಮಾರು ಎರಡು ಸೆಂಟಿಮೀಟರ್! ಬೋರ್ಡಿನ ಮೇಲೆ ಅದೇ ಎರಡು ಸೆಂಟಿಮೀಟರ್ ಏನು ಮಾಡ್ತು ಅಂತ ನೋಡಿದ್ದವಳಿಗೆ ಬೂಟಿನೊಳಗೆ ಅದು ಲೆಕ್ಕಕ್ಕೇ ಬಂದಿರ್ಲಿಲ್ಲ.

ನಾನು ಪೇಪರ್ ಹರಡಿ ಗೆರೆ ಎಳೆಯೋದನ್ನು ಅಪ್ಪ ಈಸಿ ಚೇರ್‌ನಿಂದ ನೋಡ್ತಿದ್ದರು. "ನಂದೂ ನೋಡು," ಅಂದ್ರು. ಅಮ್ಮ ಅವರನ್ನು ಹಿಡ್ಕೊಂಡಳು, ನಾನು ನೆಲಕ್ಕೆ ಕೂತು ಪಾದದ ಸುತ್ತ ಪೆನ್ಸಿಲ್ ಓಡಿಸಿದೆ. ಬಲಗಡೆ ಕಿರುಬೆರಳು ಇರಬೇಕಾದಲ್ಲಿ ಗೆರೆ ಸೀದಾ ಹೋಯ್ತು. ಆಮೇಲೆ ಅವರ ಹಳೇ ಶೂನ ಒಳಸೋಲು ತೆಗೆದು ಆ ಗೆರೆಯ ಮೇಲಿಟ್ಟೆ. ಎರಡೂ ಕಡೆಯಿಂದ ಪಾದ ಬೆರಳಗಲ ಹೊರಗಿತ್ತು. ಉದ್ದಕ್ಕೂ ಒಂದು ಸೈಜು ಕಮ್ಮಿ. ವಯಸ್ಸಾದಂತೆ ಪಾದ ಚಪ್ಪಟೆಯಾಗಿ ಅಗಲ ಆಗುತ್ತೆ, ಇಪ್ಪತ್ತೈದನೇ ವಯಸ್ಸಿನ ನಂಬರು ಅರವತ್ತೈದಕ್ಕೆ ಇರಲ್ಲ. ಅಪ್ಪ ಕನ್ನಡಕ ಹಾಕ್ಕೊಂಡು ಆ ಪೇಪರನ್ನು ತುಂಬಾ ಹೊತ್ತು ನೋಡಿದರು. "ಫ್ಯಾಕ್ಟರಿಯಲ್ಲಿ ಒಂದು ನಟ್ಟು ಹಾಕೋಕೂ ಗೇಜ್ ಇಟ್ಟು ನೋಡ್ತಿದ್ದೆ," ಅಂದ್ರು ಅಷ್ಟೇ.

ಮಾರನೇ ವಾರ ಶಿವಮೊಗ್ಗಕ್ಕೆ ಕರ್ಕೊಂಡು ಬಂದು, ಶುಗರ್ ಇರುವವರಿಗಾಗಿ ಮಾಡುವ ಎಂಸಿಆರ್ ಚಪ್ಪಲಿ ಕೊಡಿಸಿದೆ. ಮೆತ್ತನೆಯ ರಬ್ಬರ್ ಅಟ್ಟೆ, ಬೆರಳ ಸಂದಿಗೆ ಉಂಗುಷ್ಟ ಇಲ್ಲ, ಹಿಂದೆ ಬೆಲ್ಟು. ಆ ಪೇಪರನ್ನೇ ಜೇಬಿನಲ್ಲಿಟ್ಕೊಂಡು ಬಂದಿದ್ದರು. ಅಂಗಡಿಯಲ್ಲಿ ಪ್ರತಿ ಚಪ್ಪಲಿಯನ್ನೂ ಅದರ ಮೇಲಿಟ್ಟು ನೋಡಿದರು. ಸೇಲ್ಸ್ ಹುಡುಗ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

ನನ್ನ ಬೂಟಿನ ಆಯ್ಕೆಗೆ ಅಣ್ಣನ ಜೊತೆ ಎರಡು ತಿಂಗಳು ಚರ್ಚೆ ನಡೀತು. ಹೆಂಗಸರ ಮೀನಖಂಡ ಸ್ವಲ್ಪ ಕೆಳಗಿರುತ್ತೆ ಅಂತ ಹೆಂಗಸರ ಬೂಟಿನ ಮೇಲ್ಭಾಗ ಗಿಡ್ಡ ಮಾಡಿರ್ತಾರೆ, ಅದೇ ಬೇಕು ಅಂದೆ. ಗಡಸುತನ ಒಂದರಿಂದ ಹತ್ತರವರೆಗೆ ನಂಬರ್ ಕೊಟ್ಟಿರ್ತಾರೆ. ಕಡಿದಾದ ಬೆಟ್ಟದಲ್ಲಿ ವೇಗವಾಗಿ ಇಳಿಯೋರು ಎಂಟು, ಒಂಬತ್ತು ಹಾಕ್ತಾರೆ. ಮರಗಳ ನಡುವಿನ ಪುಡಿ ಹಿಮದಲ್ಲಿ ಕಣಕಾಲು ಸ್ವಲ್ಪ ಬಾಗಬೇಕು, ನನ್ನಂಥ ಕಲಿಯುವವಳಿಗೆ ಐದು ಸಾಕು. ಬಿಗಿಯೋಕೆ ಈಗ ತಿರುಗಣೆ ಥರದ ಡಯಲ್ ಬಂದಿದೆ, ಗ್ಲೌಸ್ ಹಾಕ್ಕೊಂಡೇ ತಿರುಗಿಸಬಹುದು, ಸ್ಟೀಲ್ ತಂತಿ ಬಿಗಿಯುತ್ತೆ. ಅಣ್ಣ ಅದನ್ನೇ ತಗೋ ಅಂದ. ನಾನು ಹಳೇ ಕಾಲದ ಲೇಸ್‌ನದೇ ಕೇಳಿದೆ. ತಂತಿ ತುಂಡಾದ್ರೆ ಭದ್ರಾವತಿಯಲ್ಲಿ ಯಾರಿಗೆ ತೋರಿಸ್ಲಿ? ಲೇಸ್ ಆದ್ರೆ ರಂಗಪ್ಪ ಸರ್ಕಲ್‌ನಲ್ಲಿ ಸಿಗುತ್ತೆ. ಸಾಕ್ಸ್ ಒಂದೇ, ತೆಳ್ಳಗಿನ ಉಣ್ಣೆಯದು. ಬೆಚ್ಚಗಿಡೋದು ರಕ್ತ ಓಡಾಟ, ಬಟ್ಟೆಯ ದಪ್ಪ ಅಲ್ಲ ಅಂತ ಅಮ್ಮನಿಗೆ ಇನ್ನೂ ಒಪ್ಪಿಸೋಕಾಗಿಲ್ಲ. ಗಾಂಧಿ ಬಜಾರಿನಲ್ಲಿ ಮೂರನೇ ನಂಬರ್ ಸ್ಟಾರ್ ಸ್ಕ್ರೂಡ್ರೈವರ್ ಕೂಡ ತಗೊಂಡಿದ್ದೀನಿ. ಮನೆಯಲ್ಲಿರೋ ಎರಡನೇ ನಂಬರಿನದು ಬೈಂಡಿಂಗ್ ಸ್ಕ್ರೂಗೆ ಸರಿಯಾಗಿ ಕೂರಲ್ಲ, ತಲೆ ಸವೆದುಹೋಗುತ್ತೆ. ಬೋರ್ಡ್ ಮಾತ್ರ ಈ ಸಲವೂ ಬಾಡಿಗೆಯದೇ.

ಹೊಸ ಬೂಟಿನ ಒಳಪದರ ಪಾದಕ್ಕೆ ಒಗ್ಗಬೇಕು. ವಿದೇಶದಲ್ಲಿ ಅಂಗಡಿಯವರೇ ಬಿಸಿ ಮಾಡಿ ಕೂರಿಸಿಕೊಡ್ತಾರಂತೆ. ನಾನು ಶನಿವಾರ, ಭಾನುವಾರ ಸಂಜೆ ಒಂದೊಂದು ಗಂಟೆ ಮನೆಯಲ್ಲೇ ಹಾಕ್ಕೊಂಡು ಕೂರ್ತೀನಿ. ಅಮ್ಮ ಧಾರಾವಾಹಿ ನೋಡ್ತಿರ್ತಾಳೆ, ನಾನು ಮೀನಖಂಡದವರೆಗೆ ಬೂಟು ಬಿಗಿದು ಬಟಾಣಿ ಸುಲೀತಿರ್ತೀನಿ.

ಮೊನ್ನೆ ಹಾಕ್ಕೊಳ್ಳೋ ಮೊದಲು ಎಂದಿನಂತೆ ಅಪ್ಪ ಬೂಟು ಇಸ್ಕೊಂಡು ಒಳಗೆ ಕೈ ಹಾಕಿ ನೋಡಿದರು. ನಾನು ಕಾಲು ತೂರಿಸಿ ಲೇಸ್ ಕಟ್ಟಿದ್ಮೇಲೆ ಬಗ್ಗಿ ತುದಿ ಒತ್ತಿದರು.

"ಬೆರಳು ತಾಗ್ತಿದೆಯಲ್ಲೇ. ಬಿಗಿ ಆಯ್ತು ಇದು."

"ನೆಟ್ಟಗೆ ನಿಂತಾಗ ಸ್ವಲ್ಪ ತಾಗ್ಬೇಕು ಅಪ್ಪಾ. ಮಂಡಿ ಬಗ್ಗಿಸಿದ್ರೆ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಬಿಡುತ್ತೆ."

"ಬಿಡುತ್ತಾ?"

"ಬಿಡುತ್ತೆ."

"ನಿಂತು ತೋರ್ಸು."

ಬಟಾಣಿ ಬುಟ್ಟಿ ಪಕ್ಕಕ್ಕಿಟ್ಟು, ಹಾಲ್ ಮಧ್ಯ ಬಲಗಾಲು ಮುಂದೆ ಹದಿನೆಂಟು, ಎಡಗಾಲು ಹಿಂದೆ ಮೈನಸ್ ಮೂರು ಅಂದಾಜಿಗೆ ಇಟ್ಟು, ಮಂಡಿ ಬಗ್ಗಿಸಿ ನಿಂತೆ. ಅಪ್ಪ ಹೊಸ ಚಪ್ಪಲಿಯಲ್ಲಿ ನನ್ನ ಸುತ್ತ ಒಂದು ಸಲ ಬಂದರು.

"ಒಲೆ ಮುಂದೆ ನಾವೂ ಹಿಂಗೇ ನಿಲ್ತಿದ್ವಿ," ಅಂದ್ರು. "ಎರಡೂ ಕಾಲು ಜೋಡಿಸಿ ಎದುರಿಗೆ ನಿಲ್ತಿರ್ಲಿಲ್ಲ. ಒಂದು ಕಾಲು ಹಿಂದೆ. ಏನಾದ್ರೂ ಸಿಡಿದ್ರೆ ಸರಿಯೋಕೆ." ಆಮೇಲೆ ಮತ್ತೆ ಬಗ್ಗಿ ಬೂಟಿನ ತುದಿ ಒತ್ತಿದರು. "ಈಗ ಗೊತ್ತಾಗ್ತಿದ್ಯಾ?"

"ಗೊತ್ತಾಗ್ತಿದೆ ಅಪ್ಪಾ."

"ಇಲ್ಲಿ?"

"ಗೊತ್ತಾಗ್ತಿದೆ."

"ಕಿರುಬೆರಳು?"

"ಏಯ್ ಗೂಫಿ, ನೆಲ ಗೀಚ್ತಿದೆ, ತೆಗಿ ಅದನ್ನ," ಅಂತ ಅಮ್ಮ ಟಿವಿ ಮುಂದಿಂದ ಕೂಗಿದಳು.